ಮುಕ್ತಿವಾಹನಕ್ಕೆ ಅನುಮೋದಕರು ಬೇಕಾಗಿದ್ದಾರೆ

ಪುರಸಭೆಯ ನೌಕರಿಗೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮೊದಲ ಮಾತು ಇದು: ಸಾಮಾನ್ಯ ಸಭೆಯ ದಿನ ಮನೆಯಿಂದ ಹೊಟ್ಟೆ ತುಂಬ ಉಂಡು ಹೋಗಿ. ಸಭೆ ಯಾವಾಗ ಶುರುವಾಗುತ್ತದೆಂದು ನೋಟಿಸಿನಲ್ಲಿ ಇರುತ್ತದೆ. ಯಾವಾಗ ಮುಗಿಯುತ್ತದೆಂದು ಯಾರಿಗೂ ತಿಳಿದಿರುವುದಿಲ್ಲ. ಎರಡನೆಯ ಮಾತು: ಕೂಗಾಟಕ್ಕೆ ಹೆದರಬೇಡಿ. ಜನರ ದುಡ್ಡನ್ನು ಎಲ್ಲಿ ಹಾಕಬೇಕೆಂದು ಜನರ ಎದುರಿಗೇ ಜಗಳವಾಡುವ ಜಾಗ ನಮ್ಮ ಊರುಗಳಲ್ಲಿ ಅದೊಂದೇ. ಅಲ್ಲಿ ಸದ್ದೇ ಇಲ್ಲದಿದ್ದರೆ ಹೆದರಬೇಕು.

ನಾನು ಬಳ್ಳಾರಿಯವಳು. ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ಬೆಳೆದೆ. ತಂದೆ ರೈಲ್ವೆಯಲ್ಲಿದ್ದರು. ನಮ್ಮ ಮನೆಯಲ್ಲಿ ಊಟಕ್ಕೂ ಓದಿಗೂ ನಿದ್ದೆಗೂ ರೈಲಿಗಿದ್ದಂತೆ ವೇಳೆ ಇತ್ತು. ಆ ಅಭ್ಯಾಸ ನೌಕರಿಯ ಉದ್ದಕ್ಕೂ ನನ್ನ ಕೈ ಹಿಡಿಯಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಅವುಗಳ ಆಸುಪಾಸು. ಈ ಸೀಮೆಯ ಕಚೇರಿಗಳಲ್ಲೇ ನನ್ನ ಸೇವೆಯೆಲ್ಲ ಕಳೆಯಿತು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಪಿಂಚಣಿ ಕಾಗದದಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೆಚ್ಚಾಗಿ ನೋಡಿಕೊಂಡಿದ್ದು ಸಭೆಯ ಕೆಲಸ. ಕಾರ್ಯಸೂಚಿ ತಯಾರಿಸುವುದು, ಸದಸ್ಯರಿಗೆ ನೋಟಿಸು ಕಳಿಸುವುದು, ಸಭೆಯಲ್ಲಿ ಕೂತು ನಡಾವಳಿ ಬರೆಯುವುದು.

ಈ ಕೆಲಸ ಕಲಿಸಿದವರು ನನ್ನ ಮೊದಲ ಕಚೇರಿಯ ಹೆಡ್ ಗುಮಾಸ್ತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಸದಾ ಲವಂಗ. ಅವರು ನನಗೆ ನಿಯಮದ ಪುಸ್ತಕ ಕೊಡುವ ಮೊದಲು ತಮ್ಮದೇ ಕಥೆ ಹೇಳಿದರು. ನೌಕರಿಗೆ ಹೊಸಬರಾಗಿದ್ದಾಗ ಅವರು ಸಭೆಯಲ್ಲಿ ಕೇಳಿದ್ದೆಲ್ಲವನ್ನೂ ಚಾಚೂ ತಪ್ಪದೆ ಬರೆದಿದ್ದರಂತೆ. ಒಬ್ಬ ಸದಸ್ಯರು ಇನ್ನೊಬ್ಬರಿಗೆ "ನಿನ್ನ ಮುಖಕ್ಕ ನಲ್ಲಿ ನೀರು ಬ್ಯಾರೆ ಕೇಡು" ಅಂದದ್ದನ್ನೂ ಬಿಡಲಿಲ್ಲ. ಆ ಇಬ್ಬರೂ ಸಭೆ ಮುಗಿದ ಮೇಲೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದು ರಾಜಿಯಾಗಿದ್ದರು. ಮುಂದಿನ ಸಭೆಯಲ್ಲಿ ಪದ್ಧತಿಯಂತೆ ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ ಓದಲಾಯಿತು. ಆ ಸಾಲು ಬಂದದ್ದೇ ತಡ, ಇಬ್ಬರೂ ಎದ್ದು ನಿಂತು ಹೊಸದಾಗಿ ಜಗಳ ತೆಗೆದರು.

"ಆಡಿದ ಮಾತು ಗಾಳಿಗೆ ಬಿಡವ್ವ. ಆದ ತೀರ್ಮಾನ ಅಷ್ಟ ಬರಕೊ" ಎಂದು ಅವರು ಮುಗಿಸಿದರು. ನಡಾವಳಿಯಲ್ಲಿ ನಾನು ಆ ನಿಯಮ ಎಂದೂ ಮುರಿಯಲಿಲ್ಲ. ಇಲ್ಲಿ ಮಾತ್ರ ಆಡಿದ ಮಾತುಗಳನ್ನೇ ಬರೆಯಲು ಹೊರಟಿದ್ದೇನೆ.

ಸಿರುಗುಪ್ಪದ ಕಡೆ ಇದ್ದಾಗ ಕಲಿತದ್ದು ಬೇರೆ. ಅಲ್ಲಿ ಸದಸ್ಯರಲ್ಲಿ ಬಹಳ ಜನಕ್ಕೆ ಹಚ್ಚೊಳ್ಳಿ ಸುತ್ತಮುತ್ತ ಗದ್ದೆಗಳಿದ್ದವು. ಕಾಲುವೆಗೆ ನೀರು ಬಿಟ್ಟ ವಾರ ಸಭೆ ಇಟ್ಟರೆ ಕುರ್ಚಿಗಳಷ್ಟೇ ಬರುತ್ತಿದ್ದವು. ಆದ್ದರಿಂದ ದಿನ ಗೊತ್ತುಮಾಡುವ ಮೊದಲು ನಾನು ಪಂಚಾಂಗ ನೋಡುತ್ತಿರಲಿಲ್ಲ, ಹಚ್ಚೊಳ್ಳಿ ಬಸ್ಸಿನ ಕಂಡಕ್ಟರನ್ನು ಕೇಳುತ್ತಿದ್ದೆ: "ಏನಪ್ಪಾ, ನಾಟಿ ಶುರುವಾತೇನು?" ಸಭೆಯ ನಡುವೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಯಾವ ಹೊತ್ತಿಗೆ ಒಳಗೆ ಬರಬೇಕೆಂಬುದನ್ನೂ ಅಲ್ಲೇ ಕಲಿತೆ. ಮೊದಲೇ ಬಂದರೆ ತಿಂದು ಎದ್ದು ಹೋಗುತ್ತಾರೆ. ತಡವಾದರೆ ಹಸಿವು ಸಿಟ್ಟಾಗುತ್ತದೆ. ದನಿ ಏರಿ ಮೇಜು ಗುದ್ದುವ ಹಂತಕ್ಕೆ ಬಂದಾಗ ತಟ್ಟೆ ಬರಬೇಕು. ಬಿಸಿ ಮಿರ್ಚಿ ಹಿಡಿದ ಕೈ ಮೇಜು ಗುದ್ದುವುದಿಲ್ಲ.

ಈಗ ನನ್ನ ಕೊನೆಯ ಕಚೇರಿಯ ಸಂಗತಿಗೆ ಬರುತ್ತೇನೆ. ಊರಿನ ಹೆಸರು ಬೇಡ. ಕುರುಗೋಡಿಗೂ ಸಿರುಗುಪ್ಪಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಬೆಳಗ್ಗೆ ಬಳ್ಳಾರಿಯಿಂದ ಬಸ್ಸಿನಲ್ಲಿ ನಾನು ಅಲ್ಲಿಗೆ ಇಳಿಯುವಾಗ, ಅದೇ ಬಸ್‌ಸ್ಟ್ಯಾಂಡಿನಿಂದ ಹೆಣ್ಣುಮಕ್ಕಳ ದಂಡೊಂದು ಬಳ್ಳಾರಿಯ ಜೀನ್ಸ್ ಹೊಲಿಗೆಯ ಕೆಲಸಕ್ಕೆ ಬಸ್ಸು ಹತ್ತುತ್ತಿತ್ತು. ಅವರಲ್ಲಿ ಬಹುಪಾಲು ಕಾಲುವೆ ಆಚೆಯ ಹೊಸ ಕಾಲೊನಿಯವರು. ಆ ಕಾಲೊನಿಯ ಸದಸ್ಯೆ ಹುಲಿಗೆಮ್ಮ. ಆಕೆಯೂ ಮೊದಲು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದವಳೇ.

ಹುಲಿಗೆಮ್ಮ ಚುನಾವಣೆಗೆ ನಿಂತದ್ದು ಒಂದೇ ಕೆಲಸಕ್ಕೆ. ಊರಿಗೆ ಒಂದು ಮುಕ್ತಿವಾಹನ ಬೇಕು, ಅಂದರೆ ಹೆಣ ಸಾಗಿಸುವ ಗಾಡಿ. ಕಾಲೊನಿ ಊರಿನ ಒಂದು ತುದಿ, ಸ್ಮಶಾನ ಇನ್ನೊಂದು ತುದಿ. ಹೊರಲು ದೂರ, ಬಾಡಿಗೆ ಗಾಡಿಯವರು ಹೆಣ ಅಂದರೆ ಒಲ್ಲೆ ಅನ್ನುತ್ತಾರೆ. ಉಳಿದದ್ದು ಟ್ರಾಕ್ಟರ್. ಆಕೆಯ ತಂದೆ ತೀರಿಕೊಂಡದ್ದು ಭತ್ತದ ಕೊಯ್ಲಿನಲ್ಲಿ. ಆಗ ಟ್ರಾಕ್ಟರುಗಳೆಲ್ಲ ಗದ್ದೆಯಲ್ಲಿದ್ದವು. ಹೆಣವನ್ನು ಅಂಗಳದಲ್ಲಿಟ್ಟುಕೊಂಡು ಹೊತ್ತು ಇಳಿಯುವವರೆಗೆ ಕಾಯಬೇಕಾಯಿತು. ಆಕೆಯ ತಾಯಿ ಈರಮ್ಮನಿಗೆ ಆಗಲೇ ವಯಸ್ಸಾಗಿತ್ತು, ಕಣ್ಣು ಬಾಯಿ ಎರಡೂ ಚುರುಕು. "ನಿಮ್ಮಪ್ಪ ಕಾದ. ನನ್ನ ಕೈಲಿ ಕಾಯಾಕ ಆಗಂಗಿಲ್ಲ ನೋಡು, ನಂಗ ತಾಳ್ಮಿ ಕಡಿಮಿ" ಎಂದು ಮಗಳಿಗೆ ಹೇಳಿದ್ದಳಂತೆ.

ಪುರಸಭೆಯ ಪದ್ಧತಿಯೊಂದು ಇಲ್ಲಿ ತಿಳಿದಿರಬೇಕು. ಒಂದು ಠರಾವು ಮಂಡಿಸಲು ಒಬ್ಬ ಸದಸ್ಯರು ಸೂಚಕರಾಗಬೇಕು, ಇನ್ನೊಬ್ಬರು ಅನುಮೋದಕರಾಗಬೇಕು. ಎರಡನೆಯ ಹೆಸರಿಲ್ಲದೆ ವಿಷಯ ಚರ್ಚೆಗೇ ಬರುವುದಿಲ್ಲ. ಬೋರ್‌ವೆಲ್ಲಿಗೆ, ಸಿಸಿ ರಸ್ತೆಗೆ, ಬೀದಿದೀಪಕ್ಕೆ ತಮ್ಮ ಹೆಸರು ಹಾಕಿಸಿಕೊಳ್ಳಲು ಸದಸ್ಯರು ಕುರ್ಚಿ ದಾಟಿ ಬರುತ್ತಿದ್ದರು. ಹುಲಿಗೆಮ್ಮ ಮುಕ್ತಿವಾಹನ ಎಂದಾಗ ಮಾತ್ರ ಎಲ್ಲರೂ ಫ್ಯಾನ್ ನೋಡುತ್ತಿದ್ದರು. ಯಾರೂ ವಿರೋಧಿಸಲಿಲ್ಲ. "ಒಳ್ಳೇ ಕೆಲಸ" ಎನ್ನುತ್ತಿದ್ದರು. ಆದರೆ ಅದರ ಪಕ್ಕ ತಮ್ಮ ಹೆಸರು ಬರೆಸುವುದೆಂದರೆ ಅಪಶಕುನ.

ಹಿರಿಯ ಸದಸ್ಯರಾದ ಬಸವನಗೌಡರು ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮೇಡಮ್ನೋರೆ, ಹೋದ ವರ್ಷ ಎದಿಗೆ ಸ್ಟೆಂಟ್ ಹಾಕಿಸ್ಕೊಂಡು ಬಂದೀನಿ. ಈಗ ಇದಕ್ಕ ಸೈ ಮಾಡಿದೆ ಅಂದ್ರ ನಮ್ಮನಿಯಾಕಿ ಊಟಾನ ಹಾಕಂಗಿಲ್ಲ."

ಹೀಗೆ ಸಭೆಯಿಂದ ಸಭೆಗೆ ವಿಷಯ ಬಿದ್ದು ಹೋಗುತ್ತಿತ್ತು. ಹುಲಿಗೆಮ್ಮ ಪ್ರತಿಸಲವೂ ಅದನ್ನು ಮತ್ತೆ ಬರೆದುಕೊಡುತ್ತಿದ್ದಳು. ನಾನು ಪ್ರತಿಸಲವೂ ಕಾರ್ಯಸೂಚಿಗೆ ಸೇರಿಸುತ್ತಿದ್ದೆ.

ಅಷ್ಟರಲ್ಲಿ ನೋಟಿಸು ಕಳಿಸುವ ಕ್ರಮ ಬದಲಾಯಿತು. ಮೊದಲು ಜವಾನ ಸೈಕಲ್ ಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದ. ಅದರ ಜೊತೆಗೆ ಈಗ ವಾಟ್ಸಾಪ್ ಗ್ರೂಪೂ ಬಂತು. ನಾನು ಅದನ್ನು ಬೇಗನೆ ಕಲಿತೆ, ಮೆಚ್ಚಿಕೊಂಡೆ ಕೂಡ. ಒಂದೇ ತೊಂದರೆ: ಸಹಿ ಹಾಕುವವರು ಕಾಗದದ ಮೇಲೆ ಕಣ್ಣಾದರೂ ಆಡಿಸುತ್ತಿದ್ದರು, ಗ್ರೂಪಿನಲ್ಲಿ ಯಾರೂ ಏನನ್ನೂ ತೆರೆದು ಓದುತ್ತಿರಲಿಲ್ಲ. ಕೈ ಮುಗಿಯುವ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದರು.

ಒಂದು ಬೆಳಗ್ಗೆ ನಾನು ಕಾರ್ಯಸೂಚಿ ಹಾಕಿದೆ. ಕೆಳಗೆ ದಪ್ಪ ಅಕ್ಷರದಲ್ಲಿ "ಶ್ರೀ ಪಂಪಾಪತಿ, ಅಧ್ಯಕ್ಷರು" ಎಂದಿತ್ತು. ಹುಲಿಗೆಮ್ಮ ಗಾಡಿ ಹೇಗಿರುತ್ತದೆಂದು ಸದಸ್ಯರು ನೋಡಲಿ ಎಂದು, ಬೇರೊಂದು ಊರಿನ ಮುಕ್ತಿವಾಹನದ ಫೋಟೊವನ್ನು ಅದರ ಬೆನ್ನಿಗೇ ಹಾಕಿದಳು. ಅದಕ್ಕೆ ಚೆಂಡುಹೂವಿನ ಹಾರ ಬೇರೆ. ಮದುವೆಮನೆಯಲ್ಲಿದ್ದ ಒಬ್ಬ ಸದಸ್ಯರು ಅರ್ಧಗಣ್ಣಿನಲ್ಲಿ ನೋಡಿದರು. ಅಧ್ಯಕ್ಷರ ಹೆಸರು, ಅದರ ಕೆಳಗೆ ಹೂವಿನ ಹೆಣದ ಗಾಡಿ! "ಓಂ ಶಾಂತಿ" ಎಂದು ಒತ್ತಿಬಿಟ್ಟರು. ಅದನ್ನು ನೋಡಿ ಇನ್ನೊಬ್ಬರು "ಭಾವಪೂರ್ಣ ಶ್ರದ್ಧಾಂಜಲಿ" ಎಂದರು. ಮೂರನೆಯವರು "ನಿನ್ನೆ ಸಂಜೆ ಚೆನ್ನಾಗಿ ಮಾತಾಡಿದ್ದರು, ನಂಬಲಾಗುತ್ತಿಲ್ಲ" ಎಂದು ಬರೆದರು.

ಪಂಪಾಪತಿಯವರದು ಬಸ್‌ಸ್ಟ್ಯಾಂಡ್ ಎದುರು ಗೊಬ್ಬರದ ಅಂಗಡಿ. ಅವರು ಫೋನ್ ಚಾರ್ಜಿಗಿಟ್ಟು ಗಿರಾಕಿಗಳ ಜೊತೆ ಮಾತಾಡುತ್ತ ಕೂತಿದ್ದರು. ಬೈಕಿನಲ್ಲಿ ಬಂದ ಅವರ ವಾರ್ಡಿನ ಗೆಳೆಯ ಕೈಯಲ್ಲಿ ಹಾರ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ.

"ಅಣ್ಣಾ... ಅದೀಯೇನು?"

"ಅದೀನಲ್ಲೋ! ಯಾಕಲೇ? ಹಾರ ಯಾರಿಗೆ?"

ಅವನು ಹಾರವನ್ನು ಬೆನ್ನ ಹಿಂದೆ ಅಡಗಿಸಿ, "ಯಾರಿಗಿಲ್ಲಣ್ಣ, ಸುಮ್ನ" ಅಂದನಂತೆ.

ಅರ್ಧ ಗಂಟೆಯೊಳಗೆ ಪಂಪಾಪತಿ ನನ್ನ ಮೇಜಿನ ಮುಂದೆ ನಿಂತಿದ್ದರು, ಆ ಹಾರವನ್ನೇ ಮುಷ್ಟಿಯಲ್ಲಿ ಹಿಡಿದು. ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. "ಅಯ್ಯೋ ದೇವುಡಾ! ನನ್ನ ಬದುಕಿದ್ದಾಗಲೇ ಸಾಯಿಸಿಬಿಟ್ರಲ್ರೀ! ನಮ್ಮ ಬೀಗರು ಬಳ್ಳಾರಿಯಿಂದ ಕಾರ್ ಮಾಡ್ಕೊಂಡು ಹೊಂಟಾರಂತ! ಆ ಗಾಡಿ ವಿಷಯ ತಗದು ಹಾಕ್ರಿ ಮೇಡಂ. ಈ ಸಲ ಅಲ್ಲ, ಎಂದೆಂದಿಗೂ!"

ನಾನು ನೀರು ಕೊಟ್ಟು ಕೂರಿಸಿದೆ. "ಸರ್, ನೋಟಿಸು ಹೋಗಿ ಆಗಿದೆ. ಕಾರ್ಯಸೂಚಿಯಲ್ಲಿ ಬಂದ ವಿಷಯವನ್ನು ಸಭೆಯಲ್ಲೇ ತೀರ್ಮಾನಿಸಬೇಕು. ನಾನೂ ತೆಗೆಯುವಂತಿಲ್ಲ, ನೀವೂ ತೆಗೆಯುವಂತಿಲ್ಲ" ಎಂದೆ. ನಿಯಮ ಎನ್ನುವುದು ಇಂಥ ಹೊತ್ತಿಗೇ ಬೇಕು. ನಿಮ್ಮ ದನಿ ಏರಿಸದೆ ಎದುರಿನವರ ದನಿ ಇಳಿಸಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಹುಲಿಗೆಮ್ಮ ಮುಖ ಸಣ್ಣ ಮಾಡಿಕೊಂಡು ಓಡಿ ಬಂದಳು, ಹಿಂದೆ ಕೋಲೂರಿಕೊಂಡು ಈರಮ್ಮ. "ತಪ್ಪಾತ್ರಿ ಸರ್" ಎಂದು ಮಗಳು ಬಾಯಿ ತೆಗೆಯುವಷ್ಟರಲ್ಲಿ ತಾಯಿ ಕುರ್ಚಿ ಎಳೆದುಕೊಂಡು ಅಧ್ಯಕ್ಷರ ಎದುರಿಗೇ ಕೂತಳು.

"ಯಾಕಪಾ ಪಂಪಾಪತಿ, ಹಬ್ಬ ಮಾಡೋದು ಬಿಟ್ಟು ಒದರ್ಯಾಡಾಕ ಹತ್ತೀಯಲ್ಲ?"

"ಹಬ್ಬಾನಾ? ಊರ ಮಂದಿ ನನ್ನ ಸತ್ತಾನ ಅನ್ನಾಕ ಹತ್ಯಾರಬೇ!"

"ಅದಕ್ಕ ಹೇಳಿದ್ದು. ಬದುಕಿರೋ ಮನಷ್ಯಾನ್ನ ಸತ್ತಾನಂತ ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಬೆಳಿತೈತಿ. ನಿಮ್ಮವ್ವನ್ನ ಕೇಳು. ಯಾರೋ ಒಬ್ಬರು ಅಂದ್ರ ಒಂದೀಟು ಬೆಳಿತೈತಿ. ನಿಂಗ ಊರಿಗೂರ ಅಂದೈತಿ. ನೀ ಇನ್ನ ಸಾಯೋದು ಯಾವಾಗೋ ಏನೋ, ನಾವಂತೂ ನೋಡಾಕ ಇರಂಗಿಲ್ಲ."

ಪಂಪಾಪತಿ ಕೈಯಲ್ಲಿದ್ದ ಹಾರವನ್ನು ಮೇಜಿನ ಮೇಲಿಟ್ಟರು. "ಖರೇನಾ?" ಎಂದರು. ಫೋನ್ ತೆಗೆದು ತಾಯಿಗೆ ಮಾಡಿದರು. ಆ ಕಡೆಯಿಂದ ಬಂದ ಮಾತು ನಮಗೆಲ್ಲ ಕೇಳಿಸಿತು: "ಹೌದೋ ಮಗನ, ಬಾ, ಹೋಳಿಗಿ ಮಾಡ್ತೀನಿ." ಅವರು ಫೋನ್ ಇಟ್ಟು, ಗಾಂಭೀರ್ಯದಿಂದ ಎಲ್ಲರಿಗೂ ಚಹಾ ಹೇಳಿದರು. ಎದ್ದು ಹೋಗುವಾಗ ಹುಲಿಗೆಮ್ಮನಿಗೆ, "ವಿಷಯ ಇರಲವ್ವ. ಆದ್ರ ನಾ ಅಧ್ಯಕ್ಷ, ಅನುಮೋದಕ ಆಗಾಕ ಬರಂಗಿಲ್ಲ. ಅದನ್ನ ನೀನ ಹುಡಿಕ್ಕೋಬೇಕು" ಎಂದರು.

ಸಭೆಯ ದಿನ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಶ್ರದ್ಧಾಂಜಲಿ ಬರೆದವರೆಲ್ಲ ಒಬ್ಬೊಬ್ಬರಾಗಿ ಬಂದು ಅಧ್ಯಕ್ಷರ ಕೈ ಕುಲುಕಿದರು, ಅವರೂ ನಗುತ್ತ ಕೊಟ್ಟರು. ಸಾರ್ವಜನಿಕರ ಬೆಂಚಿನಲ್ಲಿ ಈರಮ್ಮ ಕೂತಿದ್ದಳು. ಆ ವರ್ಷ ಅನುದಾನದಲ್ಲಿ ಉಳಿದಿದ್ದ ಹಣಕ್ಕೆ ಎರಡು ಬೇಡಿಕೆಗಳಿದ್ದವು. ಬಸವನಗೌಡರು ಎರಡು ಸರ್ಕಲ್ಲುಗಳಿಗೆ ಎತ್ತರದ ಹೈಮಾಸ್ಟ್ ದೀಪ ಕೇಳಿದ್ದರು. ಗಾಡಿ ಬಂದರೆ ದೀಪ ಒಂದಕ್ಕೇ ಇಳಿಯಬೇಕಿತ್ತು.

"ಊರು ಬೆಳಕಾಗ್ಲಿ ಅಂತೀನಿ ನಾನು. ಇದು ತಪ್ಪಾ?" ಎಂದರು ಗೌಡರು. "ನಿಮ್ಮ ಗಾಡಿ ಎಂದೋ ಒಂದಿನ ಬೇಕಾಗೋದು. ದೀಪ ದಿನಾ ಬೇಕು."

"ಎಂದೋ ಒಂದಿನ ಬೇಕಾಗೋದೇನೋ ಹೌದ್ರಿ," ಎಂದಳು ಹುಲಿಗೆಮ್ಮ. "ಆದ್ರ ಆ ದಿನ ನಾಳಿ ಬರ್ರಿ ಅನ್ನಾಕ ಆಗಂಗಿಲ್ಲ."

ಹಿಂದಿನ ಸಾಲಿನಿಂದ ಯಾರೋ, "ದೀಪ ಇದ್ರ ಗಾಡಿ ದಾರಿ ತಪ್ಪಂಗಿಲ್ಲ, ಎರಡೂ ಮಾಡ್ರಿ" ಎಂದು ಕೂಗಿದರು. ಇನ್ನೊಬ್ಬರು, "ಹಣ ನಿಮ್ಮಪ್ಪ ಕೊಡ್ತಾನೇನ್ರಿ?" ಎಂದರು. ಅಪ್ಪನ ಮಾತು ಬಂದದ್ದೇ ದನಿಗಳು ಏರಿದವು. ಒಬ್ಬರ ಅಂಗೈ ಮೇಜಿನಿಂದ ಮೇಲೆದ್ದಿತು. ನಾನು ಬಾಗಿಲ ಕಡೆ ಕಣ್ಣು ಮಾಡಿದೆ. ಮಿರ್ಚಿ ಒಳಗೆ ಬಂತು.

ಎಲ್ಲರೂ ಬಾಯಿ ಸುಟ್ಟುಕೊಂಡು ಊದುತ್ತಿದ್ದ ಆ ಸದ್ದಡಗಿದ ಹೊತ್ತಿನಲ್ಲಿ ಹುಲಿಗೆಮ್ಮ ಎದ್ದು ನಿಂತಳು. ತಟ್ಟೆ ಮುಟ್ಟಿರಲಿಲ್ಲ.

"ಗೌಡ್ರೆ, ನಮ್ಮಪ್ಪ ಹೋದಾಗ ಕಡೀಗೆ ಬಂದ ಟ್ರಾಕ್ಟರ್ ನಿಮ್ದು. ಕೊಯ್ಲು ಬಿಡಿಸಿ ಕಳಿಸಿದ್ರಿ. ನೀವ ನಿಂತು ಟ್ರಾಲಿ ತೊಳಿಸಿದ್ರಿ. ಅದನ್ನ ನಮ್ಮನಿಯಾಗ ಯಾರೂ ಮರ್ತಿಲ್ರಿ. ಆದ್ರ ನಿಮ್ಮನಿ ತನಕ ಬಂದು ಕೇಳಾಕ ನಮ್ಮಣ್ಣ ಎಷ್ಟು ಸಲ ಹಿಂದ ಮುಂದ ನೋಡಿದ ಅಂತ ನಿಮಗ ಗೊತ್ತಿಲ್ಲ. ಗೌಡ್ರು ಏನಂತಾರೋ, ಕೆಲಸದ ಹೊತ್ತಿನಾಗ ಹೆಂಗ ಕೇಳೋದೋ ಅಂತ. ನೀವು ಇಲ್ಲ ಅನ್ಲಿಲ್ಲ. ಎಲ್ಲಾ ಓಣಿಯಾಗೂ ನಿಮ್ಮಂಥ ಗೌಡ್ರು ಇರ್ತಾರೇನ್ರಿ? ಹೆಣ ಮನಿಯಾಗಿಟ್ಕೊಂಡು ಯಾರ ಬಾಗ್ಲಿಗೂ ಕೈಮುಗಿಯೋದು ಬ್ಯಾಡ. ಅಷ್ಟ ನಾ ಕೇಳೋದು."

ಗೌಡರ ಕೈಯಲ್ಲಿದ್ದ ಮಿರ್ಚಿ ಅರ್ಧಕ್ಕೇ ನಿಂತಿತ್ತು. ಅದನ್ನು ತಟ್ಟೆಗಿಟ್ಟು ಕರ್ಚೀಫಿನಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡರು. ಟ್ರಾಲಿ ತೊಳೆಸಿದ ಮಾತು ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳಿಕೊಳ್ಳುವವರೂ ಅಲ್ಲ.

"ನಿಮ್ಮಣ್ಣ ಬಾಗಲಾಗ ಬಂದು ನಿಂತದ್ದು ಬೆಳಗ್ಗಿ ನೋಡಿದ್ದೆ," ಎಂದರು. "ಕೂಲಿ ಕೇಳಾಕ ಬಂದಾನ ಅನ್ಕೊಂಡೆ. ಮಧ್ಯಾಹ್ನ ತನಕ ನಿಂತಿದ್ದ." ಆಮೇಲೆ ನನ್ನ ಕಡೆ ತಿರುಗಿದರು. "ಮೇಡಮ್ನೋರೆ, ಅನುಮೋದಕರು ಬಸವನಗೌಡ ಅಂತ ಬರ್ಕೊರ್ರಿ. ದೀಪ ಒಂದ ಸಾಕು."

ಬೆಂಚಿನಿಂದ ಈರಮ್ಮ, "ಮನ್ಯಾಗ ಊಟ ಹಾಕಲಿಲ್ಲ ಅಂದ್ರ ನಮ್ಮನಿಗೆ ಬಾರಪಾ" ಎಂದಳು. ಸಭೆ ನಕ್ಕಿತು. ಸಾರ್ವಜನಿಕರು ಮಾತನಾಡುವಂತಿಲ್ಲ ಎಂದು ನಾನು ಎಚ್ಚರಿಸಬೇಕಿತ್ತು. ಬರೆಯುವುದರಲ್ಲಿದ್ದೆ.

ಠರಾವು ಆದ ಮೇಲೆ ಗಾಡಿ ಬರುವವರೆಗಿನ ಕೆಲಸ ಟೆಂಡರು, ಮಂಜೂರಾತಿ, ಓಡಾಟ. ಅದನ್ನು ನೀವು ಹೇಗೂ ಮಾಡಿ ಕಲಿಯುತ್ತೀರಿ. ಕೊನೆಗೆ ಒಂದು ಬೆಳಗ್ಗೆ ಬಿಳಿ ಬಣ್ಣದ ಹೊಸ ಗಾಡಿ ಬಳ್ಳಾರಿಯಿಂದ ಬಂದು ಕಚೇರಿಯ ಮುಂದೆ ನಿಂತಿತು. ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಖಾಸಿಂನನ್ನು ಅದಕ್ಕೆ ಹಾಕಿದ್ದೆವು. ಪೂಜೆ ಆಯಿತು, ಕಾಯಿ ಒಡೆದರು, ಗಾಲಿಗಳಡಿ ನಿಂಬೆಹಣ್ಣು ಇಟ್ಟರು. ನಮ್ಮ ಕಡೆ ಹೊಸ ಗಾಡಿ ಬಂದರೆ ಮನೆಯವರು ಹತ್ತಿ ಕೂತು ಊರು ಒಂದು ಸುತ್ತು ಬರಬೇಕು, ಆಮೇಲೆಯೇ ಅದು ಕೆಲಸಕ್ಕೆ. ಕಸದ ಗಾಡಿ ಬಂದಾಗ ಸದಸ್ಯರೆಲ್ಲ ನಾ ಮೊದಲು ತಾ ಮೊದಲು ಎಂದು ಹತ್ತಿದ್ದರು. ಈಗ ಫೋಟೊ ತೆಗೆಸಿಕೊಳ್ಳಲೂ ನಾಲ್ಕು ಮಾರು ದೂರ ನಿಂತಿದ್ದರು.

"ಖಾಸಿಂ, ನೀನ ಒಬ್ನ ಒಂದು ರೌಂಡ್ ಹೊಡ್ಕೊಂಡು ಬಾ" ಎಂದರು ಅಧ್ಯಕ್ಷರು.

ಖಾಸಿಂ ಬೀಗದಕೈ ತಿರುಗಿಸುತ್ತ ನಿಂತ. "ಹೆಂಗ್ರೀ ಸಾಬ್? ಇದು ಖಾಲಿ ತಿರುಗಾಡಿದ್ರ ಊರಾಗ ಯಾರನ್ನೋ ಹುಡುಕ್ಕೋತ ಬಂದಂಗ ಕಾಣ್ತೈತಿ. ಮಂದಿ ಕಲ್ಲು ಒಗಿತಾರ. ಯಾರರ ಕುಂದ್ರಬೇಕು."

ಸದಸ್ಯರು ಇನ್ನೊಂದು ಮಾರು ಹಿಂದೆ ಸರಿದರು. ಹುಲಿಗೆಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬರುವಷ್ಟರಲ್ಲಿ ಈರಮ್ಮ ಕೋಲನ್ನು ಮಗಳ ಕೈಗೆ ಕೊಟ್ಟು ಗಾಡಿಯ ಮುಂದಿನ ಬಾಗಿಲ ಹತ್ತಿರ ನಿಂತಿದ್ದಳು.

"ಹತ್ತಿಸಪಾ ಖಾಸಿಂ. ಸತ್ತ ಮ್ಯಾಲ ಕುಂತು ನೋಡಾಕ ಆಗ್ತೈತೇನು? ಈಗ ನೋಡ್ತೀನಿ."

"ಯವ್ವಾ, ಬ್ಯಾಡಬೇ!" ಎಂದಳು ಹುಲಿಗೆಮ್ಮ.

"ಸುಮ್ನಿರಲೇ. ನನಗಂತ ತರಿಸೀದಿ, ನನಗ ಬ್ಯಾಡ ಅಂತೀಯಲ್ಲ."

ಖಾಸಿಂ ಆಕೆಯನ್ನು ಎತ್ತಿ ಕೂರಿಸಿದ. ಇಂಜಿನ್ ಶುರುವಾದಾಗ ಪಂಪಾಪತಿ ಒಮ್ಮೆ ಹಾರ ಹಾಕಿದ ಗಾಡಿಯನ್ನು ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. "ನಂಗೇನಾಗತೈತಿ, ನನ್ನ ಆಯುಷ್ಯ ಬೆಳದೈತಿ" ಎಂದು ತಮಗೇ ಹೇಳಿಕೊಂಡು ಆಕೆಯ ಪಕ್ಕ ಹತ್ತಿದರು. ಹಿಂದೆ ಗೌಡರ ಜೀಪು, ಅದರ ಹಿಂದೆ ಬೈಕುಗಳು, ಆಟೊದಲ್ಲಿ ನಾನು ಮತ್ತು ಹುಲಿಗೆಮ್ಮ.

ಬಜಾರಿನಲ್ಲಿ ಜನ ಅಂಗಡಿಯಿಂದ ಹೊರಬಂದು ಕೈಮುಗಿದು ನಿಂತರು. ಗಾಡಿಯ ಕಿಟಕಿಯಿಂದ ಈರಮ್ಮನ ತಲೆ ಹೊರಗೆ ಬಂತು. "ಕೈ ಇಳಸ್ರೋ! ನಾ ಇನ್ನ ಹೊಂಟಿಲ್ಲ, ದಾರಿ ನೋಡಾಕ ಬಂದೀನಿ!" ಚಹಾದಂಗಡಿಯವನು ಗ್ಲಾಸ್ ಹಿಡಿದು ಓಡಿ ಬಂದ. ಗಾಡಿ ನಿಲ್ಲಿಸಿ ಇಬ್ಬರೂ ಚಹಾ ಕುಡಿದರು. ಸ್ಮಶಾನದ ಗೇಟಿನವರೆಗೆ ಹೋಗಿ, ಒಳಗೆ ಹೋಗದೆ ತಿರುಗಿಸಿಕೊಂಡು, ಕಾಲುವೆ ದಾಟಿ ಕಾಲೊನಿಗೆ ಬಂದೆವು. ಆ ಹೊತ್ತಿಗೆ ಹಿಂದೆ ಸೇರಿದ್ದ ಮಕ್ಕಳ ಗದ್ದಲದಲ್ಲಿ ಯಾವ ಮೆರವಣಿಗೆ ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಈರಮ್ಮನನ್ನು ಇಳಿಸಿದರು. ಹುಲಿಗೆಮ್ಮ ತಾಯಿಯ ಸೀರೆಯ ನೆರಿಗೆ ಸರಿಮಾಡುತ್ತ ಬಗ್ಗಿದಳು, ಬಗ್ಗಿದಲ್ಲೇ ಕಣ್ಣೊರೆಸಿಕೊಂಡಳು. ಪಂಪಾಪತಿ ಕೇಳಿದರು: "ಹೆಂಗೈತಬೇ ಗಾಡಿ?"

"ಗಾಡಿ ಚಲೋ ಐತಿ. ಸೀಟು ಮೆತ್ತಗ ಐತಿ," ಎಂದಳು ಈರಮ್ಮ. ಸೊಂಟ ನೀವಿಕೊಂಡಳು. "ಆದ್ರ ಆ ಕಾಲುವಿ ಬ್ರಿಜ್ಜಿನ ಮ್ಯಾಲಿನ ತೆಗ್ಗು ಮುಚ್ಚಸ್ರಿ. ಕುಂತೋರು ಹಿಡ್ಕೊಂಡು ತಡ್ಕೋತೀವಿ. ಮಲ್ಕೊಂಡು ಬರೋರು ಏನು ಮಾಡ್ಬೇಕು?"

ಆ ಸೇತುವೆ ಎರಡು ವಾರ್ಡುಗಳ ಗಡಿಯಲ್ಲಿತ್ತು. ನಾನು ಆ ಊರಿಗೆ ಬಂದಾಗಿನಿಂದಲೂ ಅದರ ಗುಂಡಿಯ ಮಾತು ಬಂದರೆ ಆ ಕಡೆಯವರು ಈ ಕಡೆ, ಈ ಕಡೆಯವರು ಆ ಕಡೆ ಬೆರಳು ತೋರಿಸುತ್ತಿದ್ದರು. ಅಂದು ಗೌಡರು ಜೀಪಿನಿಂದ ಇಳಿದು, "ಅದು ನಮ್ಮ ವಾರ್ಡಿಗೆ ಬರ್ತೈತಿ, ನಾ ಮಾಡಿಸ್ತೀನಿ" ಎಂದರು.

"ಹೆಂಗ್ ಬರ್ತೈತ್ರಿ ಗೌಡ್ರೆ? ಬ್ರಿಜ್ಜಿನ ಅರ್ಧ ನಮ್ದು!" ಎಂದಳು ಹುಲಿಗೆಮ್ಮ.

"ತೆಗ್ಗು ನಮ್ಮ ಅರ್ಧದಾಗ ಐತವ್ವ!"

"ನಡೀರಿ, ಹೋಗಿ ನೋಡೋಣ!"

ಅಧ್ಯಕ್ಷರು ಇಬ್ಬರ ನಡುವೆ ನಿಂತು ಕೈಯೆತ್ತಿದರು. ಎಲ್ಲರೂ ಒಟ್ಟಿಗೇ ಮಾತಾಡುತ್ತ ಸೇತುವೆಯ ಕಡೆ ಹೊರಟರು. ನೋಟಿಸಿಲ್ಲದೆ, ಕುರ್ಚಿಯಿಲ್ಲದೆ, ಮಿರ್ಚಿಯೂ ಇಲ್ಲದೆ ಸಭೆ ಶುರುವಾಗಿತ್ತು. ನಾನು ಚೀಲದಿಂದ ಪೆನ್ನು ತೆಗೆದುಕೊಂಡು ಅವರ ಹಿಂದೆ ನಡೆದೆ.